ಸ್ಪರ್ಧಾ ಪಿಸ್ತೂಲಿಗೆ ಹಾರ್ಡ್ ಕ್ರೋಮ್ ಮಾಡಿಸಬೇಕೇ? ತೀರ್ಮಾನದಿಂದ ತಪಾಸಣೆಯವರೆಗೆ ಸಮಗ್ರ ಮಾರ್ಗದರ್ಶಿ

ಹಾರ್ಡ್ ಕ್ರೋಮ್ ಮಾಡಿಸಿ ತಂದ ಪಿಸ್ತೂಲು ಮೊದಲ ನೋಟಕ್ಕೆ ಎಲ್ಲರಿಗೂ ಹಿಡಿಸುತ್ತದೆ. ತೊಂದರೆ ಗೊತ್ತಾಗುವುದು ರೇಂಜಿನಲ್ಲಿ. ಸ್ಲೈಡ್ (ಪ್ರತಿ ಗುಂಡಿಗೂ ಹಿಂದೆ ಮುಂದೆ ಓಡುವ ಮೇಲ್ಭಾಗ) ಮುಚ್ಚಿಕೊಳ್ಳುವಾಗ ಕೂದಲೆಳೆಯಷ್ಟು ಹಿಂದೆಯೇ ನಿಂತುಬಿಡುತ್ತದೆ, ಥಂಬ್ ಸೇಫ್ಟಿ (ಹೆಬ್ಬೆರಳಿನಿಂದ ಹಾಕುವ ಸುರಕ್ಷತಾ ಕೀಲಿ) ಅರ್ಧಕ್ಕೆ ಬಂದು ತಡೆಯುತ್ತದೆ, ನಯವಾಗಿದ್ದ ಟ್ರಿಗರ್ ಕರಕರ ಎನ್ನುತ್ತದೆ. ಆಗ ಎಲ್ಲರ ಬೆರಳೂ ಲೇಪ ಮಾಡಿದವರ ಕಡೆಗೇ ತಿರುಗುತ್ತದೆ. ಬಹಳಷ್ಟು ಸಲ ತಪ್ಪು ನಡೆದಿರುವುದು ಅದಕ್ಕೂ ಮೊದಲು, ತೀರ್ಮಾನ ತೆಗೆದುಕೊಳ್ಳುವ ಕ್ರಮದಲ್ಲಿ. ಮೊದಲು ಬಣ್ಣ ನೋಡುತ್ತಾರೆ, ಆಮೇಲೆ ಖರ್ಚು ಕೇಳುತ್ತಾರೆ, ಅಳತೆಯನ್ನು ಕೊನೆಗೆ ನೋಡುತ್ತಾರೆ ಅಥವಾ ನೋಡುವುದೇ ಇಲ್ಲ.

ಹಾರ್ಡ್ ಕ್ರೋಮ್ ಎಂಬುದು ಎಲ್ಲ ಕೆಲಸ ಮುಗಿದ ಪಿಸ್ತೂಲಿಗೆ ಮಾಡಿಸುವ ಕೊನೆಯ ಕೆಲಸ. ಕೆಲಸ ಬಾಕಿಯಿರುವ ಪಿಸ್ತೂಲಿಗೆ ಅದು ಮದ್ದಾಗುವುದಿಲ್ಲ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ನಡುವೆ ಎಲ್ಲಿಯಾದರೂ "ಬೇಡ" ಎಂಬ ಉತ್ತರ ಬಂದರೆ ಅಲ್ಲಿಗೇ ನಿಲ್ಲಿಸಿ.

## ಮೊದಲು ತಿಳಿದಿರಬೇಕಾದ್ದು

ಕ್ರೋಮಿಕ್ ಆಮ್ಲದ ದ್ರಾವಣದಲ್ಲಿ ವಿದ್ಯುತ್ ಹರಿಸಿ ಉಕ್ಕಿನ ಮೇಲೆ ನೇರವಾಗಿ ಕೂರಿಸುವ ಕ್ರೋಮಿಯಂ ಪದರವೇ ಹಾರ್ಡ್ ಕ್ರೋಮ್. ನಲ್ಲಿಗಳ ಮೇಲೆ ಥಳಥಳಿಸುವ ಅಲಂಕಾರಿಕ ಕ್ರೋಮ್ ಬೇರೆ ಜಾತಿಯದು. ಅಲ್ಲಿ ಕೆಳಗೆ ನಿಕ್ಕಲ್ ಇರುತ್ತದೆ, ಮೇಲಿನ ಕ್ರೋಮ್ ಅರ್ಧ ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದಂಶವೇ ಒಂದು ಮೈಕ್ರಾನ್) ಆಸುಪಾಸು ಇದ್ದರೆ ಹೆಚ್ಚು. ಪಿಸ್ತೂಲುಗಳಿಗೆ ಹಾಕುವ ಹಾರ್ಡ್ ಕ್ರೋಮ್ ಸಾಮಾನ್ಯವಾಗಿ 5ರಿಂದ 13 ಮೈಕ್ರಾನ್ ದಪ್ಪ ಇರುತ್ತದೆ. ಗಟ್ಟಿತನ ರಾಕ್‌ವೆಲ್ ಸಿ ಮಾಪನದಲ್ಲಿ ಸುಮಾರು 65ರಿಂದ 70. ಒಳ್ಳೆಯ ಅರ ಹಿಡಿದು ಉಜ್ಜಿದರೂ ಗಾಜಿನ ಮೇಲೆ ಉಜ್ಜಿದ ಹಾಗೆ ಜಾರಿಹೋಗುತ್ತದೆ.

ಇದರಿಂದ ಹುಟ್ಟುವ ಮೂರು ಪರಿಣಾಮಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಒಂದು, ಕ್ರೋಮ್ ಜಾಗ ತಿನ್ನುತ್ತದೆ: ಬ್ಲೂಯಿಂಗ್ (ಉಕ್ಕಿನ ಮೈಯನ್ನು ರಾಸಾಯನಿಕವಾಗಿ ಕಪ್ಪುನೀಲಿ ಮಾಡುವುದು) ಮಾಡಿದರೆ ಅಳತೆ ಬದಲಾಗಿದ್ದು ಗೊತ್ತೇ ಆಗದು, ಕ್ರೋಮ್‌ನಲ್ಲಿ ಗೊತ್ತಾಗುತ್ತದೆ. ಎರಡು, ಒಮ್ಮೆ ಕೂತ ಮೇಲೆ ಅದು ಸವೆದು ಪಳಗುವುದಿಲ್ಲ. ಉಕ್ಕು ಉಕ್ಕಿನ ಮೇಲೆ ಓಡಿ ಓಡಿ ತಾನಾಗಿ ನಯವಾಗುತ್ತದೆ ಎಂಬ ಭರವಸೆ ಇಲ್ಲಿ ನಡೆಯದು. ಮೂರು, ಕ್ರೋಮ್ ಪದರದಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮ ಬಿರುಕುಗಳಿರುತ್ತವೆ. ಬರಿಯ ಉಕ್ಕಿಗಿಂತ, ಬ್ಲೂಯಿಂಗ್‌ಗಿಂತ ಅದು ಎಷ್ಟೋ ಮೇಲು, ಆದರೂ ಉಪ್ಪು ಬೆವರು ಒಳಗಿಳಿಯುವ ದಾರಿ ಪೂರ್ತಿ ಮುಚ್ಚುವುದಿಲ್ಲ. ಎಣ್ಣೆ ಹಾಕುವ ಅಭ್ಯಾಸ ಬಿಡುವಂತಿಲ್ಲ.

## ಬೇಕಾಗುವ ಉಪಕರಣಗಳು

ಸಾವಿರದ ಒಂದಂಶ ಮಿಲಿಮೀಟರ್ ಓದುವ ಮೈಕ್ರೋಮೀಟರ್, ನಿಲುಗಂಬ ಸಮೇತ ಒಂದು ಡಯಲ್ ಗೇಜ್, ಮೆತ್ತನೆಯ ದವಡೆಯ ವೈಸ್, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಆಯಸ್ಕಾಂತ, ಜಿಡ್ಡು ತೆಗೆಯುವ ದ್ರಾವಕ, ಹತ್ತಿಕಡ್ಡಿ, ಚಿಕ್ಕ ಚಿಕ್ಕ ಜಿಪ್ ಚೀಲ, ಶಾಶ್ವತ ಮಾರ್ಕರ್, ಡಮ್ಮಿ ಗುಂಡುಗಳು. ವರ್ನಿಯರ್ ಕ್ಯಾಲಿಪರ್ ಇದ್ದರೆ ಸಾಕೆಂದು ಕೆಲವರು ಅಂದುಕೊಳ್ಳುತ್ತಾರೆ. ಸಾಲದು. ಅದರ ತಪ್ಪಿನ ಮಿತಿ ಸುಮಾರು 0.02 ಮಿ.ಮೀ.; ನಾವು ಹುಡುಕುತ್ತಿರುವ ವ್ಯತ್ಯಾಸವೂ ಅಷ್ಟೇ.

## ಹಂತ 1: ಪಿಸ್ತೂಲು ಖಾಲಿ ಮಾಡಿ, ಕಾರಣವನ್ನು ಬರೆದಿಡಿ

ಮ್ಯಾಗಜೀನ್ ತೆಗೆಯಿರಿ, ಸ್ಲೈಡ್ ಎಳೆಯಿರಿ, ಚೇಂಬರನ್ನು ಕಣ್ಣಿಂದಲೂ ಬೆರಳಿಂದಲೂ ನೋಡಿ. ಮದ್ದುಗುಂಡು ಆ ಕೋಣೆಯಲ್ಲೇ ಇರಬಾರದು.

ಈಗ ಒಂದು ಹಾಳೆಯಲ್ಲಿ ಕ್ರೋಮ್ ಯಾಕೆ ಬೇಕು ಎಂದು ಒಂದೇ ವಾಕ್ಯದಲ್ಲಿ ಬರೆಯಿರಿ. ಫ್ರಂಟ್ ಸ್ಟ್ರ್ಯಾಪ್ (ಹಿಡಿಯ ಮುಂಭಾಗ) ಮೇಲೆ ಬೆವರಿನಿಂದ ಪದೇಪದೇ ತುಕ್ಕು ಬರುತ್ತಿದೆ ಎಂದಾದರೆ ಅದು ಒಳ್ಳೆಯ ಕಾರಣ. ಹೋಲ್ಸ್ಟರ್‌ನಿಂದ ದಿನವೂ ಎಳೆದೆಳೆದು ಸ್ಲೈಡಿನ ಮೂತಿಯ ಅಂಚಲ್ಲಿ ಬಣ್ಣ ಹೋಗಿ ಉಕ್ಕು ಬೆಳ್ಳಗಾಗಿದ್ದರೆ ಅದೂ ಒಳ್ಳೆಯದೇ. ಸ್ಟೇನ್‌ಲೆಸ್ ಸ್ಲೈಡ್ ಸ್ಟೇನ್‌ಲೆಸ್ ಫ್ರೇಮ್ (ಹಿಡಿಯಿರುವ ಕೆಳಭಾಗ) ಮೇಲೆ ಓಡುತ್ತ ಒಂದಕ್ಕೊಂದು ಕಚ್ಚಿ ಗೀರು ಬಿದ್ದಿದ್ದರೆ ಇನ್ನೂ ಒಳ್ಳೆಯ ಕಾರಣ. ಕ್ರೋಮ್ ಇಂಥ ಕಚ್ಚುವಿಕೆಯನ್ನು ಚೆನ್ನಾಗಿ ತಡೆಯುತ್ತದೆ.

"ಸ್ಲೈಡ್ ಸಡಿಲವಾಗಿದೆ, ಕ್ರೋಮ್ ಹಾಕಿಸಿದರೆ ಬಿಗಿಯಾಗುತ್ತದೆ" ಎಂದು ಬರೆದಿದ್ದರೆ ಇಲ್ಲಿಗೇ ನಿಲ್ಲಿಸಿ. 0.1 ಮಿ.ಮೀ. ಅಲುಗಾಟವನ್ನು 8 ಮೈಕ್ರಾನ್ ಲೇಪ ತುಂಬಲಾರದು. ಅದನ್ನು ತುಂಬಲೆಂದೇ ದಪ್ಪ ಲೇಪ ಹಾಕಿಸಿದರೆ ರೈಲಿನ (ಸ್ಲೈಡ್ ಓಡುವ ಹಳಿ) ಅಂಚುಗಳಲ್ಲಿ ಚಕ್ಕೆ ಏಳುವ ಅಪಾಯ ಹೆಚ್ಚು. ರೈಲುಗಳನ್ನು ಸರಿಮಾಡಿ ಹೊಂದಿಸುವುದು ಗನ್‌ಸ್ಮಿತ್ ಕೆಲಸ, ಅದು ಲೇಪಕ್ಕಿಂತ ಮೊದಲು ಆಗಬೇಕು. ಗುಂಡು ಸಿಕ್ಕಿಹಾಕಿಕೊಳ್ಳುತ್ತಿದೆ, ಖಾಲಿ ಕೇಸ್ ಹೊರಬರುತ್ತಿಲ್ಲ ಎಂಬ ದೂರುಗಳಿಗೂ ಇದೇ ಉತ್ತರ.

ಬರೀ ಅಂದಕ್ಕಾಗಿ ಬೇಕು ಅನ್ನುವವರಿಗೆ ನನ್ನ ವಿರೋಧವಿಲ್ಲ. ಕಾರಣ ಅದೊಂದೇ ಆದರೆ ಅಪಾಯ ಕಡಿಮೆಯಿರುವ ಭಾಗಗಳಿಗಷ್ಟೇ ಮಾಡಿಸಿ.

## ಹಂತ 2: ಲೋಹ ಯಾವುದೆಂದು ಗುರುತಿಸಿ

ಆಯಸ್ಕಾಂತ ಹಿಡಿಯಿರಿ. ಅಂಟಿಕೊಳ್ಳದಿದ್ದರೆ ಆ ಭಾಗ ಅಲ್ಯೂಮಿನಿಯಂ, ಟೈಟಾನಿಯಂ ಅಥವಾ ಪಾಲಿಮರ್ ಆಗಿರುವ ಸಾಧ್ಯತೆ ಹೆಚ್ಚು. ಅಂಟಿಕೊಂಡರೆ ಉಕ್ಕು, ಆದರೆ ಯಾವ ಉಕ್ಕೆಂದು ಆಯಸ್ಕಾಂತ ಹೇಳದು. ಪಿಸ್ತೂಲಿನ ಸ್ಲೈಡ್, ಬ್ಯಾರಲ್‌ಗಳಿಗೆ ಬಳಸುವ 416ನಂಥ ಗಟ್ಟಿಗೊಳಿಸಬಲ್ಲ ಸ್ಟೇನ್‌ಲೆಸ್ ಕೂಡ ಅಂಟಿಕೊಳ್ಳುತ್ತದೆ. "ಅಂಟಿತು, ಹಾಗಾಗಿ ಕಾರ್ಬನ್ ಉಕ್ಕು" ಎಂದು ತಪ್ಪು ಮಾಹಿತಿ ಕೊಟ್ಟು ಕಳಿಸುವವರು ತುಂಬ ಜನ. ಎರಡು ಉಕ್ಕುಗಳಿಗೂ ಲೇಪಕ್ಕೆ ಮುಂಚಿನ ಆಮ್ಲ ತೊಳೆತ ಬೇರೆ ಬೇರೆ. ಅದು ತಪ್ಪಿದರೆ ಕ್ರೋಮ್ ಹಿಡಿಯುವುದಿಲ್ಲ. ತಯಾರಕರ ಕೈಪಿಡಿ ನೋಡಿ ಬರೆದುಕೊಡಿ.

ಅಲ್ಯೂಮಿನಿಯಂ ಫ್ರೇಮಿಗೆ ಕ್ರೋಮ್ ಮಾತು ಬೇಡ, ಅದಕ್ಕೆ ಹೊಂದುವುದು ಅನೋಡೈಸಿಂಗ್ (ವಿದ್ಯುತ್ತಿನಿಂದ ಗಟ್ಟಿ ಆಕ್ಸೈಡ್ ಪದರ ಬೆಳೆಸುವುದು). 2011 ಎಂಬ ಮಾದರಿಯಲ್ಲಿ (1911 ಪಿಸ್ತೂಲಿನಿಂದ ಬೆಳೆದ ವಿನ್ಯಾಸ) ಉಕ್ಕಿನ ಫ್ರೇಮಿಗೆ ಪಾಲಿಮರ್ ಗ್ರಿಪ್ ಬೇರೆಯಾಗಿಯೇ ಜೋಡಿಸಿರುತ್ತದೆ, ಬಿಚ್ಚಿ ಉಕ್ಕನ್ನಷ್ಟೇ ಕಳಿಸಬಹುದು. ಗ್ಲಾಕ್‌ನಂಥ ಪಿಸ್ತೂಲಿನ ಸ್ಲೈಡಿಗೆ ಕಾರ್ಖಾನೆಯಲ್ಲೇ ನೈಟ್ರೈಡ್ (ಮೇಲ್ಮೈಗೆ ನೈಟ್ರೋಜನ್ ಸೇರಿಸಿ ಗಟ್ಟಿಮಾಡುವುದು) ಮಾಡಿರುತ್ತಾರೆ. ಅದರ ಮೇಲ್ಮೈ ಆಗಲೇ ಬಹಳ ಗಟ್ಟಿ. ಅಲ್ಲಿ ಕ್ರೋಮ್‌ನಿಂದ ಸಿಗುವ ಲಾಭ ಖರ್ಚಿಗೆ ತಕ್ಕದ್ದಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

## ಹಂತ 3: ಪಿಸ್ತೂಲಿನ ಕೆಲಸವೆಲ್ಲ ಮುಗಿದಿದೆಯೇ?

ಮುಂದೆ ರೆಡ್ ಡಾಟ್ (ಕೆಂಪು ಚುಕ್ಕಿಯ ಗುರಿಸಾಧನ) ಕೂರಿಸಲು ಸ್ಲೈಡ್ ಕೊರೆಸುವ ಯೋಚನೆ ಇದೆಯೇ? ಹೊಸ ಬ್ಯಾರಲ್ ಹೊಂದಿಸಬೇಕೇ? ಫ್ರಂಟ್ ಸ್ಟ್ರ್ಯಾಪ್ ಮೇಲೆ ಚೆಕರಿಂಗ್ (ಹಿಡಿತಕ್ಕಾಗಿ ಕೆತ್ತಿದ ಗೆರೆಜಾಲ), ಬೀವರ್‌ಟೇಲ್ (ಹಿಡಿಯ ಹಿಂದೆ ಚಾಚಿದ ಬಾಲ), ದೊಡ್ಡ ಮ್ಯಾಗ್‌ವೆಲ್ (ಮ್ಯಾಗಜೀನ್ ತೂರಿಸುವ ಬಾಯಿ)? ಇವೆಲ್ಲ ಮೊದಲು ಆಗಬೇಕು. ಕ್ರೋಮ್ ಆದಮೇಲೆ ಕೊರೆಯುವ ಯಂತ್ರ ಲೇಪ ಸೀಳಿ ಅಂಚಿನಲ್ಲಿ ಚಕ್ಕೆ ಎಬ್ಬಿಸುತ್ತದೆ, ಕೊರೆದ ಜಾಗ ಬರಿಯ ಉಕ್ಕಾಗಿ ಉಳಿಯುತ್ತದೆ.

ಹೊಂದಿಸಿದ ಮೇಲೆ ಅದೇ ರೂಪದಲ್ಲಿ, ನಿಮ್ಮ ಸ್ಪರ್ಧೆಯ ಗುಂಡಿನಲ್ಲೇ, ಕೆಲವು ನೂರು ಸುತ್ತು ಹೊಡೆಯಿರಿ. ಹೊಸದಾಗಿ ಹೊಂದಿಸಿದ ರೈಲುಗಳು ಈ ಸುತ್ತುಗಳಲ್ಲಿ ಪಳಗುತ್ತವೆ. ಒಂದೇ ಒಂದು ಅಡಚಣೆ ಬಂದರೂ ಕಾರಣ ಹುಡುಕಿ ಸರಿಪಡಿಸಿ. ಹೊಚ್ಚಹೊಸ ಬಿಗಿ ಪಿಸ್ತೂಲನ್ನು ಪೆಟ್ಟಿಗೆಯಿಂದ ತೆಗೆದು ನೇರ ಲೇಪಕ್ಕೆ ಕಳಿಸುವುದು ನಾನು ಕಂಡ ಅತಿ ಸಾಮಾನ್ಯ ತಪ್ಪು.

ನಿಮ್ಮ ವಿಭಾಗದ ನಿಯಮ ಪುಸ್ತಕವನ್ನೂ ಈಗಲೇ ನೋಡಿಬಿಡಿ. ಮಾರ್ಪಾಡುಗಳಿಗೆ ಮಿತಿ ಹಾಕಿದ ವಿಭಾಗಗಳಲ್ಲಿ ಲೇಪ ಬದಲಿಸಲು ಅವಕಾಶ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ತೂಕದ ಚಿಂತೆ ಬೇಡ: ಸ್ಲೈಡ್, ಫ್ರೇಮ್ ಎರಡೂ ಸೇರಿ 500 ಚದರ ಸೆಂ.ಮೀ. ಮೇಲ್ಮೈ ಎಂದು ಹಿಡಿದರೂ 8 ಮೈಕ್ರಾನ್ ಕ್ರೋಮ್‌ನ ತೂಕ 3 ಗ್ರಾಂ ಆಸುಪಾಸು.

## ಹಂತ 4: ಬಿರುಕು ಹುಡುಕಿ

ಸೀಳಿದ ಸ್ಲೈಡಿಗೆ ಲೇಪ ಹಾಕಿದರೆ ದುಡ್ಡೂ ದಂಡ, ಅಪಾಯವೂ ಮುಚ್ಚಿಹೋಗುತ್ತದೆ. ಜಿಡ್ಡು ಪೂರ್ತಿ ತೆಗೆದು, ಓರೆ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ಇಜೆಕ್ಷನ್ ಪೋರ್ಟ್‌ನ (ಖಾಲಿ ಕೇಸ್ ಹೊರಬೀಳುವ ಕಿಂಡಿ) ಮೂಲೆಗಳು, ಬ್ರೀಚ್ ಫೇಸ್‌ನ (ಕೇಸಿನ ಬುಡ ಒರಗುವ ಸ್ಲೈಡಿನ ಮುಖ) ಅಂಚು, ಸ್ಲೈಡ್ ಸ್ಟಾಪ್ ತೂತಿನ ಸುತ್ತ, ಫ್ರೇಮ್ ರೈಲಿನ ಮುಂತುದಿ, ಡಸ್ಟ್ ಕವರ್ (ಫ್ರೇಮಿನ ತೆಳು ಮುಂಭಾಗ) ಸೇರುವ ಜಾಗ ಇವನ್ನು ನಿಧಾನವಾಗಿ ನೋಡಿ. ಅನುಮಾನ ಬಂದರೆ ಬಣ್ಣದ ಪೆನೆಟ್ರಂಟ್ ಪರೀಕ್ಷೆ (ಬಿರುಕಿಗಿಳಿದ ಬಣ್ಣ ಅದನ್ನು ತೋರಿಸುತ್ತದೆ) ಮಾಡಿಸಿ. ಗಟ್ಟಿ ಉಕ್ಕಿನ ದಣಿವು ತಾಳಿಕೆಯನ್ನು ಹಾರ್ಡ್ ಕ್ರೋಮ್ ಸ್ವಲ್ಪ ಕುಗ್ಗಿಸುತ್ತದೆ ಎಂಬುದು ಎಂಜಿನಿಯರುಗಳಿಗೆ ಗೊತ್ತಿರುವ ಸಂಗತಿ. ಹಾಗಾಗಿ ಬಿರುಸು ಗುಂಡಿನಲ್ಲಿ ಬಹಳ ದುಡಿದ ಸ್ಲೈಡಿನ ವಿಷಯದಲ್ಲಿ ಈ ಹಂತ ಬಿಡಲೇಬೇಡಿ.

## ಹಂತ 5: ಸಂದು ಅಳೆಯಿರಿ

ಇಡೀ ತೀರ್ಮಾನ ನಿಂತಿರುವುದು ಇಲ್ಲೇ, ಹೆಚ್ಚಿನವರು ಬಿಡುವುದೂ ಇದನ್ನೇ.

ಬ್ಯಾರಲ್, ರಿಕಾಯಿಲ್ ಸ್ಪ್ರಿಂಗ್, ಗೈಡ್ ರಾಡ್ ತೆಗೆಯಿರಿ. ರೈಲುಗಳನ್ನು ದ್ರಾವಕದಲ್ಲಿ ತೊಳೆದು ಪೂರ್ತಿ ಒಣಗಿಸಿ. ಎಣ್ಣೆಯ ಪದರ ಉಳಿದರೆ ಅದೇ ಕೆಲವು ಮೈಕ್ರಾನ್ ಕದ್ದುಬಿಡುತ್ತದೆ. ಬರೀ ಸ್ಲೈಡನ್ನು ಫ್ರೇಮಿಗೆ ಹಾಕಿ, ಫ್ರೇಮನ್ನು ಗ್ರಿಪ್ ಭಾಗದಲ್ಲಿ ಮೆತ್ತನೆಯ ವೈಸಿಗೆ ಹಿಡಿಸಿ. ಡಸ್ಟ್ ಕವರ್ ಹಿಡಿದು ಬಿಗಿದರೆ ಫ್ರೇಮೇ ಬಾಗಿ ಅಳತೆ ಸುಳ್ಳಾಗುತ್ತದೆ.

ಡಯಲ್ ಗೇಜಿನ ತುದಿಯನ್ನು ಸ್ಲೈಡಿನ ಪಕ್ಕಕ್ಕೆ, ಹಿಂದಿನ ರೈಲಿನ ಮಟ್ಟದಲ್ಲಿ ತಾಗಿಸಿ. ಸ್ಲೈಡನ್ನು ಒಂದು ಪಕ್ಕಕ್ಕೆ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ, ಮುಳ್ಳನ್ನು ಸೊನ್ನೆಗೆ ತನ್ನಿ, ಆಮೇಲೆ ಇನ್ನೊಂದು ಪಕ್ಕಕ್ಕೆ ಒತ್ತಿ. ಮುಳ್ಳು ಟಕ್ಕನೆ ಹಾರಿ ಒಂದು ಕಡೆ ನಿಲ್ಲುತ್ತದೆ. ಅದು ನಿಜವಾದ ಸಂದು. ಇನ್ನೂ ಬಲ ಹಾಕಿದರೆ ಮುಳ್ಳು ಮತ್ತೆ ನಿಧಾನವಾಗಿ ತೆವಳುತ್ತದೆ. ಅದು ಲೋಹ ಬಾಗುತ್ತಿರುವುದು, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಇದನ್ನೇ ಮೂತಿಯ ಕಡೆ ಮಾಡಿ. ಬಳಿಕ ಸ್ಲೈಡನ್ನು ಅರ್ಧ ಹಿಂದೆ ಸರಿಸಿ, ಪೂರ್ತಿ ಹಿಂದೆ ಸರಿಸಿ ಮತ್ತೆ ಓದಿ. ಮೇಲೆ ಕೆಳಗಿನ ಅಲುಗಾಟವನ್ನೂ ಇದೇ ರೀತಿ ಅಳೆಯಿರಿ. ಬಳಸಿದ ಪಿಸ್ತೂಲಿನಲ್ಲಿ ಈ ಅಂಕಿಗಳು ಒಂದೇ ಸಮ ಇರುವುದಿಲ್ಲ. ನಿಮಗೆ ಬೇಕಾದ್ದು ಎಲ್ಲಕ್ಕಿಂತ ಚಿಕ್ಕ ಅಂಕಿ.

ಈಗ ಲೆಕ್ಕ. ಫ್ರೇಮ್ ರೈಲಿನ ಎಡ ಬಲ ಎರಡೂ ಮುಖಗಳಿಗೆ ಲೇಪ ಕೂರುತ್ತದೆ, ಸ್ಲೈಡಿನ ಒಳಗಾಲುವೆಯ ಎರಡೂ ಮುಖಗಳಿಗೂ ಕೂರುತ್ತದೆ. ಒಟ್ಟು ನಾಲ್ಕು ಪದರ. ಲೇಪ 8 ಮೈಕ್ರಾನ್ ಆದರೆ ಸಂದಿನಲ್ಲಿ 32 ಮೈಕ್ರಾನ್, ಅಂದರೆ 0.032 ಮಿ.ಮೀ. ಕಡಿಮೆಯಾಗುತ್ತದೆ. ನಿಮ್ಮ ಚಿಕ್ಕ ಅಂಕಿ 0.05 ಇದ್ದರೆ 0.018 ಉಳಿಯುತ್ತದೆ, ಬಿಗಿಯಾದರೂ ಎಣ್ಣೆ ಹಾಕಿ ಓಡಿಸಬಹುದು. ಚಿಕ್ಕ ಅಂಕಿ 0.02 ಇದ್ದರೆ ಸ್ಲೈಡ್ ಹತ್ತುವುದೇ ಇಲ್ಲ. ಆಗ ಎರಡೇ ದಾರಿ: ಲೇಪಕ್ಕೆ ಮೊದಲು ರೈಲುಗಳನ್ನು ಲ್ಯಾಪ್ ಮಾಡಿಸಿ (ನಯವಾದ ಪೇಸ್ಟ್ ಹಚ್ಚಿ ತಿಕ್ಕಿಸಿ) ಜಾಗ ಮಾಡಿಕೊಳ್ಳುವುದು, ಇಲ್ಲವೇ ಫ್ರೇಮಿಗೆ ಮಾತ್ರ ಲೇಪ ಹಾಕಿಸಿ ನಷ್ಟವನ್ನು 0.016ಕ್ಕೆ ಇಳಿಸುವುದು.

ಕ್ರೋಮ್ ದ್ರಾವಣ ಒಳಮೂಲೆಗಳಿಗೆ ಸರಿಯಾಗಿ ಲೋಹ ಎಸೆಯುವುದಿಲ್ಲ, ಹೊರ ಅಂಚುಗಳಲ್ಲಿ ಹೆಚ್ಚು ಪೇರಿಸುತ್ತದೆ. ಅದರಿಂದ ಸ್ಲೈಡಿನ ಕಾಲುವೆಯಲ್ಲಿ ಲೇಪ ತೆಳ್ಳಗಿರಬಹುದು. ಅದನ್ನು ನಂಬಿ ಲೆಕ್ಕ ಸಡಿಲಿಸಬೇಡಿ, ಪೂರ್ತಿ ದಪ್ಪವನ್ನೇ ಹಿಡಿಯಿರಿ. ಸಿಝಡ್ 75 ಮಾದರಿಯಲ್ಲಿ ಸ್ಲೈಡ್ ಫ್ರೇಮಿನ ಒಳಗೆ ಓಡುತ್ತದೆ. ಅಲ್ಲಿ ಹೊರಗಿನದ್ದು ಒಳಗಿನದ್ದು ಅದಲುಬದಲಾದರೂ ನಾಲ್ಕು ಪದರದ ಲೆಕ್ಕ ಅದೇ.

ಅಂಕಿಗಳನ್ನು ಬರೆದಿಡಿ. ಪಿಸ್ತೂಲು ವಾಪಸು ಬಂದಾಗ ಇವೇ ನಿಮ್ಮ ಸಾಕ್ಷಿ.

## ಹಂತ 6: ಯಾವ ಭಾಗ ಹೋಗಬೇಕು, ಯಾವುದು ಮನೆಯಲ್ಲೇ ಉಳಿಯಬೇಕು

ಕಳಿಸಬಹುದಾದವು: ಉಕ್ಕಿನ ಫ್ರೇಮ್, ಸ್ಲೈಡ್, ಗ್ರಿಪ್ ಸೇಫ್ಟಿ, ಮೇನ್‌ಸ್ಪ್ರಿಂಗ್ ಹೌಸಿಂಗ್, ಉಕ್ಕಿನ ಮ್ಯಾಗ್‌ವೆಲ್, ಸ್ಲೈಡ್ ಸ್ಟಾಪ್. ಥಂಬ್ ಸೇಫ್ಟಿ ಕಳಿಸಬಹುದು, ಆದರೆ ಸಿಯರ್ (ಹ್ಯಾಮರನ್ನು ಹಿಡಿದಿಡುವ ಕೊಂಡಿ) ತಾಗುವ ಅದರ ಒಳಮುಖಕ್ಕೆ ಲೇಪ ಬಿದ್ದರೆ ಮತ್ತೆ ಹೊಂದಿಸಲೇಬೇಕು. ಆ ಮುಖವನ್ನು ಮುಚ್ಚಿ ಲೇಪ ಹಾಕುವಂತೆ ಬರೆದುಕೊಡಿ.

ಸಿಯರ್, ಹ್ಯಾಮರ್, ಡಿಸ್‌ಕನೆಕ್ಟರ್ (ಒಂದು ಒತ್ತಿಗೆ ಒಂದೇ ಗುಂಡು ಹೋಗುವಂತೆ ಮಾಡುವ ಭಾಗ) ಮೂರನ್ನೂ ಕಳಿಸಲೇಬೇಡಿ. ಸ್ಪರ್ಧಾ ಟ್ರಿಗರ್‌ನಲ್ಲಿ ಹ್ಯಾಮರ್ ಕೊಕ್ಕೆಯ ಎತ್ತರ ಅರ್ಧ ಮಿಲಿಮೀಟರ್ ಸುತ್ತಮುತ್ತ ಇರುತ್ತದೆ. ಅದರ ಚೂಪು ಅಂಚಿನ ಮೇಲೆ ಕ್ರೋಮ್ ಗುಂಡಗೆ ಪೇರಿಕೊಂಡರೆ ಸಿಯರ್ ಜಾರಬಹುದು. ಸ್ಲೈಡ್ ಮುಚ್ಚಿದಾಗ ಹ್ಯಾಮರ್ ಹಿಂಬಾಲಿಸಿ ಬೀಳುವುದು, ಒಂದೇ ಒತ್ತಿಗೆ ಎರಡು ಗುಂಡು ಹೋಗುವುದು ಜೀವಕ್ಕೆ ಕುತ್ತು ತರುವ ದೋಷಗಳು.

ಸ್ಪ್ರಿಂಗ್‌ಗಳು, ಫೈರಿಂಗ್ ಪಿನ್, ಎಕ್ಸ್‌ಟ್ರಾಕ್ಟರ್ (ಖಾಲಿ ಕೇಸನ್ನು ಚೇಂಬರಿನಿಂದ ಎಳೆಯುವ ಕೊಕ್ಕೆ) ಕೂಡ ಹೊರಗಿಡಿ. ಆಮ್ಲ ತೊಳೆತದಲ್ಲೂ ಲೇಪನದಲ್ಲೂ ಹುಟ್ಟುವ ಹೈಡ್ರೋಜನ್ ಗಟ್ಟಿ ಉಕ್ಕಿನೊಳಗೆ ಸೇರಿ ಅದನ್ನು ಪೆಡಸು ಮಾಡುತ್ತದೆ. 1911 ಮಾದರಿಯ ಎಕ್ಸ್‌ಟ್ರಾಕ್ಟರ್ ತಾನೇ ಸ್ಪ್ರಿಂಗ್‌ನಂತೆ ಬಾಗಿ ಕೆಲಸ ಮಾಡುವ ಭಾಗ. ಪೆಡಸಾದರೆ ಒಂದು ದಿನ ಪಂದ್ಯದ ನಡುವೆ ಪಟ್ಟೆಂದು ಮುರಿಯುತ್ತದೆ.

ಬ್ಯಾರಲ್ ಬಗ್ಗೆ ನನ್ನ ಸಲಹೆ: ಬಿಟ್ಟುಬಿಡಿ. ಸ್ಪರ್ಧಾ ಬ್ಯಾರಲ್ ಹೆಚ್ಚಾಗಿ ಸ್ಟೇನ್‌ಲೆಸ್ ಆಗಿರುತ್ತದೆ. ಹುಡ್ (ಬ್ಯಾರಲಿನ ಹಿಂತುದಿಯ ನಾಲಿಗೆ), ಲಗ್ (ಸ್ಲೈಡಿಗೆ ಸಿಕ್ಕಿಕೊಳ್ಳುವ ಉಬ್ಬು), ಬುಷಿಂಗ್ (ಮೂತಿಯ ಬಳೆ) ತಾಗುವ ಮೂತಿ ಎಲ್ಲವೂ ಒಂದೊಂದಾಗಿ ಕೈಯಲ್ಲಿ ಹೊಂದಿಸಿದ ಜಾಗಗಳು. ಪಿಸ್ತೂಲಿನ ನಿಖರತೆ ಕೂತಿರುವುದೇ ಅಲ್ಲಿ.

ಸ್ಲೈಡಿನಲ್ಲಿ ಬ್ರೀಚ್ ಫೇಸ್, ಲಗ್ ಕೂರುವ ಗುಳಿಗಳು, ಫೈರಿಂಗ್ ಪಿನ್ ಓಡುವ ಕೊಳವೆ, ಸೈಟ್ (ಗುರಿಕಡ್ಡಿ) ಕೂರುವ ಡವ್‌ಟೇಲ್ ಗಾಡಿ ಇವನ್ನು ಮುಚ್ಚಲು ಹೇಳಿ. ಬ್ರೀಚ್ ಫೇಸ್ ಮೇಲೆ ಲೇಪ ಕೂತರೆ ಹೆಡ್‌ಸ್ಪೇಸ್ (ಚೇಂಬರಿನಲ್ಲಿ ಗುಂಡಿಗೆ ಸಿಗುವ ಉದ್ದದ ಜಾಗ) ಅಷ್ಟೇ ಕಡಿಮೆಯಾಗುತ್ತದೆ, ಎಕ್ಸ್‌ಟ್ರಾಕ್ಟರ್ ಕೊಕ್ಕೆಗೂ ಅದಕ್ಕೂ ನಡುವಿನ ಜಾಗವೂ ಕುಗ್ಗುತ್ತದೆ. ಫ್ರೇಮಿನಲ್ಲಿ ಸಿಯರ್ ಪಿನ್, ಹ್ಯಾಮರ್ ಪಿನ್, ಸ್ಲೈಡ್ ಸ್ಟಾಪ್ ತೂತುಗಳಿಗೆ ಬೆಣೆ ಹಾಕಿಸಿ. ಸ್ಕ್ರೂ ಮರೆಗಳನ್ನೂ (ತಿರುಪಿನ ಸುರುಳಿ ಗೆರೆಗಳು) ಮುಚ್ಚಿಸಿ: 60 ಡಿಗ್ರಿ ಮರೆಯಲ್ಲಿ ಪಿಚ್ ವ್ಯಾಸ (ಗೆರೆಗಳ ನಡುಮಟ್ಟದ ವ್ಯಾಸ) ಲೇಪದ ದಪ್ಪದ ನಾಲ್ಕು ಪಟ್ಟು ಬದಲಾಗುತ್ತದೆ.

ಸೈಟ್‌ಗಳನ್ನು ಬಿಚ್ಚಿ ಇಟ್ಟುಕೊಳ್ಳಿ. ಪ್ಲಂಜರ್ ಟ್ಯೂಬ್, ಗ್ರಿಪ್ ಬುಷಿಂಗ್, ಇಜೆಕ್ಟರ್‌ನಂಥ ಬಡಿದು ಕೂರಿಸಿದ ಭಾಗಗಳ ಅಡಿಯಲ್ಲಿ ಆಮ್ಲ ಸಿಕ್ಕಿಕೊಂಡು ವಾರಗಳ ನಂತರ ಕಂದು ಗೆರೆಯಾಗಿ ಒಸರುತ್ತದೆ. ಇವನ್ನು ಗನ್‌ಸ್ಮಿತ್ ಕೈಯಿಂದ ತೆಗೆಸಿ ಕಳಿಸುವುದೇ ಸರಿ.

ಎಲ್ಲ ಕೂಡಿಸಿ ನೋಡಿದರೆ, ಹೆಚ್ಚಿನ ಸ್ಪರ್ಧಿಗಳಿಗೆ ನಾನು ಹೇಳುವುದು ಫ್ರೇಮಿಗೆ ಕ್ರೋಮ್, ಸ್ಲೈಡ್ ಕಪ್ಪು. ಬೆವರು ಹೆಚ್ಚು ಬೀಳುವುದು ಫ್ರೇಮಿನ ಮೇಲೆ. ಸಂದಿನ ನಷ್ಟ ಅರ್ಧವಾಗುತ್ತದೆ, ಸ್ಲೈಡಿನ ಮೇಲ್ಭಾಗ ಬಿಸಿಲಿಗೆ ಹೊಳೆದು ಸೈಟ್ ನೋಡಲು ತೊಡಕಾಗುವುದಿಲ್ಲ. ಇನ್ನೊಂದು ಲಾಭವೂ ಇದೆ: ಒತ್ತಡದಲ್ಲಿ ಉಜ್ಜುವ ಎರಡೂ ಮುಖ ಕ್ರೋಮ್ ಆಗಿದ್ದರೆ, ಎಣ್ಣೆ ಒಣಗಿದಾಗ ಒಂದನ್ನೊಂದು ಕಚ್ಚುವ ಸಾಧ್ಯತೆ ಇರುತ್ತದೆ. ಒಂದು ಮುಖ ಕ್ರೋಮ್, ಇನ್ನೊಂದು ಉಕ್ಕು ಆಗಿದ್ದರೆ ಜೋಡಿ ಚೆನ್ನ.

## ಹಂತ 7: ಮೇಲ್ಮೈ ಹೇಗಿರಬೇಕೆಂದು ಹೇಳಿ

ಕ್ರೋಮ್ ಗೀರು ತುಂಬುವುದಿಲ್ಲ, ತುಕ್ಕಿನ ಗುಳಿ ಮುಚ್ಚುವುದಿಲ್ಲ. ಕೆಳಗೆ ಏನಿದೆಯೋ ಅದನ್ನೇ ಇನ್ನಷ್ಟು ಸ್ಪಷ್ಟವಾಗಿ ತೋರಿಸುತ್ತದೆ. ಗುಳಿಗಳಿದ್ದರೆ ಮೊದಲೇ ಉಜ್ಜಿಸಿ ತೆಗೆಸಿ. ಮ್ಯಾಟ್ ನೋಟ ಬರುವುದು ಗಾಜಿನ ಮಣಿ ಅಥವಾ ಮರಳಿನ ಕಣ ಬಡಿಸುವುದರಿಂದ.

ಇಲ್ಲಿ ಎಚ್ಚರ ಬೇಕಾದ್ದು ಚೆಕರಿಂಗ್ ಬಗ್ಗೆ. ಇಂಚಿಗೆ 30 ಗೆರೆಯ ಚೆಕರಿಂಗನ್ನು ಭೂತಗನ್ನಡಿಯಲ್ಲಿ ನೋಡಿ: ಸಾಲು ಸಾಲು ಪುಟ್ಟ ಗೋಪುರಗಳು, ಪ್ರತಿಯೊಂದರ ತುದಿಯೂ ಚೂಪು. ಜೋರಾಗಿ ಕಣ ಬಡಿದರೆ ಮೊದಲು ಹೋಗುವುದು ಆ ತುದಿಗಳೇ. ಅದರ ಮೇಲೆ ಕ್ರೋಮ್ ಪೇರಿಕೊಂಡರೆ ತುದಿಗಳು ಗುಂಡಗಾಗಿ ಬೆವರಿದ ಕೈಯಲ್ಲಿ ಹಿಡಿತ ಜಾರುತ್ತದೆ. ಆ ಪ್ರದೇಶಕ್ಕೆ ಕಡಿಮೆ ಒತ್ತಡದ ಮೃದು ಬಡಿತ ಸಾಕೆಂದು ಬರೆದುಕೊಡಿ. ಸೀರಿಯಲ್ ನಂಬರ್ ಇರುವ ಜಾಗವನ್ನು ಉಜ್ಜುವುದಾಗಲಿ ಗಟ್ಟಿಯಾಗಿ ಬಡಿಯುವುದಾಗಲಿ ಕೂಡದು. ಓದಲಾಗದ ಸೀರಿಯಲ್ ನಂಬರ್ ದೊಡ್ಡ ಕಾನೂನು ತೊಡಕು. ಕಳಿಸುವ ಮೊದಲು ಹತ್ತಿರದಿಂದ ಫೋಟೋ ತೆಗೆದಿಡಿ.

## ಹಂತ 8: ಬೇರೆ ಲೇಪಗಳ ಜತೆ ತೂಗಿ ನೋಡಿ

ಎಲೆಕ್ಟ್ರೋಲೆಸ್ ನಿಕ್ಕಲ್ (ವಿದ್ಯುತ್ ಇಲ್ಲದೆ ರಾಸಾಯನಿಕವಾಗಿ ಕೂರಿಸುವುದು) ಎಲ್ಲ ಮೂಲೆಗೂ ಒಂದೇ ದಪ್ಪದಲ್ಲಿ ಕೂರುತ್ತದೆ, ತುಕ್ಕು ತಡೆಯುವುದರಲ್ಲಿ ಗಟ್ಟಿಗ, ಗಡಸುತನದಲ್ಲಿ ಕ್ರೋಮ್‌ಗಿಂತ ಕೆಳಗೆ. ಟೆಫ್ಲಾನ್ ಬೆರೆಸಿದ ನಿಕ್ಕಲ್ ಜಾರುಗುಣಕ್ಕೆ ಚೆನ್ನ. ಡಿಎಲ್‌ಸಿ (ವಜ್ರದಂಥ ಇಂಗಾಲದ ಪದರ) ಕೆಲವೇ ಮೈಕ್ರಾನ್ ತೆಳು, ಕ್ರೋಮ್‌ಗಿಂತ ಗಟ್ಟಿ, ಬಣ್ಣ ಕಪ್ಪು. ಬಿಗಿಯಾಗಿ ಹೊಂದಿಸಿದ ಸ್ಲೈಡಿಗೆ ಖರ್ಚು ತಾಳುವುದಾದರೆ ನನ್ನ ಆಯ್ಕೆ ಇದೇ. ಉಪ್ಪುದ್ರವದ ನೈಟ್ರೈಡಿಂಗ್ ಅಳತೆಯನ್ನು ಹೆಚ್ಚು ಬದಲಿಸದು, ಆದರೆ 500 ಡಿಗ್ರಿ ಸೆಲ್ಸಿಯಸ್ ದಾಟುವ ಶಾಖದಲ್ಲಿ ಕೆಲವು ಉಕ್ಕುಗಳ ಹದ ಇಳಿಯಬಹುದು, ಮತ್ತೆ ತೆಗೆಯಲೂ ಆಗದು. ಸೆರಾಕೋಟ್ ಬಣ್ಣದ ಜಾತಿಯದು, ಸುಮಾರು 25 ಮೈಕ್ರಾನ್ ದಪ್ಪ. ರೈಲುಗಳ ಮೇಲೆ ಬೇಡ, ಹೊರಮೈಗೆ ಸರಿ. ಹಾರ್ಡ್ ಕ್ರೋಮನ್ನು ಕ್ಷಾರ ದ್ರಾವಣದಲ್ಲಿ ವಿದ್ಯುತ್ ತಿರುಗಿಸಿ ತೆಗೆದು ಮತ್ತೆ ಹಾಕಬಹುದು ಎಂಬುದು ಅದರ ಪರವಾಗಿ ನಿಲ್ಲುವ ಒಂದು ಗುಣ.

## ಹಂತ 9: ಕಳಿಸುವ ಮೊದಲು ಕೇಳಬೇಕಾದ ಪ್ರಶ್ನೆಗಳು

ಬಂದೂಕಿನ ಕೆಲಸ ಮಾಡಿ ರೂಢಿ ಇರುವವರನ್ನೇ ಹುಡುಕಿ. ಹೈಡ್ರಾಲಿಕ್ ರಾಡ್‌ಗಳಿಗೆ ಲೇಪ ಹಾಕುವವರಿಗೆ 100 ಮೈಕ್ರಾನ್ ದಪ್ಪ ಮಾಮೂಲು, ಅದೇ ಅಭ್ಯಾಸದಲ್ಲಿ ನಿಮ್ಮ ರೈಲಿಗೂ ಹಾಕಿಬಿಟ್ಟಾರು.

ಫೋನಿನಲ್ಲಿ ಕೇಳಿ: ಒಂದು ಮುಖಕ್ಕೆ ಎಷ್ಟು ಮೈಕ್ರಾನ್ ಹಾಕುತ್ತೀರಿ? ತೂತುಗಳನ್ನು ಹೇಗೆ ಮುಚ್ಚುತ್ತೀರಿ? ಹೈಡ್ರೋಜನ್ ಹೊರಹಾಕಲು ಬೇಯಿಸುತ್ತೀರಾ? ಕೊನೆಯ ಪ್ರಶ್ನೆಗೆ ಸಿಗಬೇಕಾದ ಉತ್ತರ ಸುಮಾರು 190 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಲೇಪ ಮುಗಿದ ಕೆಲವೇ ತಾಸಿನೊಳಗೆ ಶುರುಮಾಡಿ, ಕಡೇಪಕ್ಷ 3 ತಾಸು; ಉಕ್ಕು ಗಟ್ಟಿಯಾದಷ್ಟೂ ಹೆಚ್ಚು ಹೊತ್ತು. "ಅದೆಲ್ಲ ಬೇಕಾಗಿಲ್ಲ" ಎಂದರೆ ಫೋನ್ ಇಟ್ಟುಬಿಡಿ. "ಎಲ್ಲ ಭಾಗ ಒಟ್ಟಿಗೆ ಹಾಕಿಬಿಡ್ತೀವಿ, ಬಿಚ್ಚೋದೂ ನಾವೇ" ಎಂಬ ಧಾರಾಳತನವೂ ಎಚ್ಚರಿಕೆಯ ಗಂಟೆಯೇ.

ಫ್ರೇಮ್, ಕೆಲವು ದೇಶಗಳಲ್ಲಿ ಸ್ಲೈಡ್ ಮತ್ತು ಬ್ಯಾರಲ್ ಕೂಡ, ಕಾನೂನಿನ ಕಣ್ಣಿಗೆ ಬಂದೂಕೇ. ನಿಮ್ಮ ಲೈಸೆನ್ಸಿನ ಷರತ್ತಿನಂತೆ, ಅಧಿಕೃತ ಡೀಲರ್ ಅಥವಾ ಗನ್‌ಸ್ಮಿತ್ ಮೂಲಕವೇ, ರಸೀದಿ ಸಮೇತ ಕಳಿಸಿ. ಪಂದ್ಯದ ಋತುವಿನ ನಡುವೆ ಕಳಿಸಬೇಡಿ. ತಯಾರಕರ ವಾರಂಟಿ ಉಳಿಯುತ್ತದೆಯೇ ಎಂದೂ ಕೇಳಿ.

ಮನೆಯಲ್ಲೇ ಮಾಡಿಕೊಳ್ಳುವ ಯೋಚನೆ ಬೇಡವೇ ಬೇಡ. ಆ ದ್ರಾವಣದಲ್ಲಿರುವ ಷಟ್-ವೇಲೆನ್ಸಿ ಕ್ರೋಮಿಯಂ ಕ್ಯಾನ್ಸರ್ ತರುತ್ತದೆ ಎಂದು ಖಚಿತವಾಗಿದೆ. ಲೇಪನದ ವೇಳೆ ಅದು ಮಂಜಾಗಿ ಗಾಳಿಗೆ ಏಳುತ್ತದೆ.

ಭಾಗಗಳನ್ನು ಬೇರೆ ಬೇರೆ ಚೀಲಕ್ಕೆ ಹಾಕಿ, ಪ್ರತಿ ಚೀಲದ ಮೇಲೂ ಏನು ಮಾಡಬೇಕು, ಏನು ಮುಚ್ಚಬೇಕು ಎಂದು ಬರೆದು ಅದರ ಫೋಟೋ ಇಟ್ಟುಕೊಳ್ಳಿ.

## ಹಂತ 10: ವಾಪಸು ಬಂದಾಗ

ಜೋಡಿಸುವ ಆತುರ ಬೇಡ. ಮೊದಲು ಬರಿಗಣ್ಣಿಗೆ: ಅಂಚುಗಳಲ್ಲಿ ಬೂದು ಬಣ್ಣದ ಒರಟು ಗಂಟುಗಳಿದ್ದರೆ ವಿದ್ಯುತ್ ಹೆಚ್ಚಾಗಿ ಸುಟ್ಟಿದೆ. ಮೂತಿಯ ಬಳಿ ಚಕ್ಕೆ ಎದ್ದಿದ್ದರೆ ಹಳೆಯ ಬ್ಲೂಯಿಂಗ್ ಅಥವಾ ಜಿಡ್ಡು ಸರಿಯಾಗಿ ತೆಗೆದಿಲ್ಲ. ಎರಡಕ್ಕೂ ಮರಳಿ ಕಳಿಸುವುದೊಂದೇ ಪರಿಹಾರ. ಒಳಮೂಲೆಗಳಲ್ಲಿ ಲೇಪ ತೆಳ್ಳಗೆ, ಮಂಕಾಗಿ ಕಾಣುವುದು ಸಹಜ.

ತೂತುಗಳಿಗೆ ಪಿನ್ ಹಾಕಿ ನೋಡಿ. ಬಿಗಿಯಾಗಿದ್ದರೆ ಸುತ್ತಿಗೆ ಹಿಡಿಯಬೇಡಿ. ಹಿತ್ತಾಳೆ ಕಡ್ಡಿಗೆ ನಯವಾದ ವಜ್ರದ ಪೇಸ್ಟ್ ಹಚ್ಚಿ ಮೆಲ್ಲಗೆ ತಿರುಗಿಸಿ ಬಿಡಿಸಬೇಕು. ಬಳಿಕ ಎಣ್ಣೆ ಹಚ್ಚಿ ಸ್ಲೈಡನ್ನು ಫ್ರೇಮಿಗೆ ಹಾಕಿ, ಸ್ಪ್ರಿಂಗ್ ಇಲ್ಲದೆ ಫ್ರೇಮನ್ನು ಓರೆ ಮಾಡಿ. ಸ್ಲೈಡ್ ತನ್ನ ಭಾರದಿಂದಲೇ ಜಾರಬೇಕು. ನಡುವೆ ನಿಂತರೆ ರೈಲಿಗೆ ಮಾರ್ಕರ್ ಬಳಿದು ಓಡಿಸಿ, ಬಣ್ಣ ಅಳಿಸಿದ ಜಾಗವೇ ತಡೆಯುತ್ತಿರುವ ಜಾಗ. ಅದನ್ನು ಗನ್‌ಸ್ಮಿತ್ ಲ್ಯಾಪ್ ಮಾಡಲಿ. ಲ್ಯಾಪಿಂಗ್ ಪೇಸ್ಟಿನ ಒಂದು ಕಣವೂ ಒಳಗೆ ಉಳಿಯದಂತೆ ತೊಳೆಯಬೇಕು.

ಪೂರ್ತಿ ಜೋಡಿಸಿ, ಖಾಲಿ ಪಿಸ್ತೂಲಿನಲ್ಲಿ ಸುರಕ್ಷತಾ ಪರೀಕ್ಷೆ ಮಾಡಿ. ಹ್ಯಾಮರ್ ಎಳೆದು ಸೇಫ್ಟಿ ಹಾಕಿ ಟ್ರಿಗರ್ ಬಲವಾಗಿ ಒತ್ತಿ, ಬಿಟ್ಟು, ಸೇಫ್ಟಿ ತೆಗೆಯಿರಿ, ಹ್ಯಾಮರ್ ಬೀಳಕೂಡದು. ಟ್ರಿಗರ್ ಒತ್ತಿಹಿಡಿದೇ ಸ್ಲೈಡ್ ಎಳೆದು ಬಿಡಿ. ಹ್ಯಾಮರ್ ಮೇಲೆಯೇ ನಿಲ್ಲಬೇಕು, ಟ್ರಿಗರ್ ಬಿಟ್ಟು ಮತ್ತೆ ಒತ್ತಿದಾಗ ಮಾತ್ರ ಬೀಳಬೇಕು. ಡಮ್ಮಿ ಗುಂಡುಗಳನ್ನು ಕೈಯಿಂದಲೇ ಓಡಿಸಿ. ಒಂದರಲ್ಲಿ ಅನುಮಾನ ಬಂದರೂ ರೇಂಜಿಗೆ ಹೋಗಬೇಡಿ. ರೇಂಜಿನಲ್ಲಿ ಮೊದಲ ಮ್ಯಾಗಜೀನ್‌ಗಳಿಗೆ ಎರಡೇ ಗುಂಡು ತುಂಬಿ. ಎರಡೂ ಒಟ್ಟಿಗೆ ಹೋದರೆ ಪಿಸ್ತೂಲನ್ನು ಅಲ್ಲೇ ಕೆಳಗಿಡಿ, ಮುಂದಿನ ಕೆಲಸ ಗನ್‌ಸ್ಮಿತ್‌ನದು. ಪಂದ್ಯಕ್ಕೆ ಒಯ್ಯುವುದು ಮತ್ತೆ ಕೆಲವು ನೂರು ಸುತ್ತು ತಡೆಯಿಲ್ಲದೆ ಓಡಿದ ಮೇಲೆಯೇ.

ಎರಡು ವಾರ ಬಿಟ್ಟು ಇನ್ನೊಮ್ಮೆ ಬಿಚ್ಚಿ. ಪ್ಲಂಜರ್ ಟ್ಯೂಬಿನ ಒಳಗೆ, ಇಜೆಕ್ಟರ್ ಬುಡದಲ್ಲಿ, ಗ್ರಿಪ್ ಬುಷಿಂಗ್ ಸುತ್ತ ಬಿಳಿ ಹತ್ತಿಕಡ್ಡಿ ಆಡಿಸಿ. ಹತ್ತಿ ಹಳದಿಯಾಗಿಯೋ ಕಂದಾಗಿಯೋ ಬಂದರೆ ಒಳಗೆ ಆಮ್ಲ ಉಳಿದಿದೆ ಎಂದರ್ಥ. ಫೋಟೋ ತೆಗೆದು ಲೇಪ ಹಾಕಿದವರಿಗೆ ಕಳಿಸಿ, ತೊಳೆದು ತಟಸ್ಥಗೊಳಿಸಿ ಕೊಡಲು ಹೇಳಿ. ಹತ್ತಿ ಸ್ವಚ್ಛವಾಗಿದ್ದರೆ ಆ ಸಂದುಗಳಿಗೆ ಒಂದೊಂದು ಹನಿ ಎಣ್ಣೆ ಬಿಟ್ಟು ಜೋಡಿಸಿ.